ಬಾಣಂತಿ ಕೊಡ

ನಮ್ಮ ಕಾಲೇಜಿನ ಆಡಳಿತ ಮಂಡಳಿ ತಾನು ಮಾಡಿದ ತಪ್ಪನ್ನು ಒಬ್ಬ ಶಿಕ್ಷಕಿಯ ತಲೆಗೆ ಕಟ್ಟಿತು. ಕಟ್ಟಿದ ಮೇಲೆ ಮರೆತೂಬಿಟ್ಟಿತು. ಮರೆಯುವುದು ಅದಕ್ಕೆ ಸುಲಭವಾಗಿತ್ತು. ತಪ್ಪು ನಡೆದದ್ದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಒಂದು ಯಂತ್ರದೊಳಗಿನ ಕೆಲವು ಸಾಲುಗಳಲ್ಲಿ. ಆ ಸಾಲುಗಳನ್ನು ಬದಲಿಸಿದವರು ಯಾರು, ಬದಲಿಸಲು ಹೇಳಿದವರು ಯಾರು ಎಂಬುದು ಮಂಡಳಿಗೆ ಅಂದೂ ಗೊತ್ತಿತ್ತು, ಇಂದೂ ಗೊತ್ತಿದೆ. ಈ ಮಾತನ್ನು ಪೂರ್ಣ ಎಚ್ಚರದಿಂದ ಬರೆಯುತ್ತಿದ್ದೇನೆ.

ಮೊನ್ನೆ ನನ್ನ ಕಚೇರಿಯಲ್ಲಿ ಈ ಬೇಸಿಗೆಯ ಮೊದಲ ಸಲ ಕೂಲರ್ ಹಚ್ಚಿದರು. ವರ್ಷವಿಡೀ ಒಣಗಿದ್ದ ಅದರ ಹುಲ್ಲಿನ ಪರದೆಯ ಮೇಲೆ ನೀರು ಬಿದ್ದು, ಹಸಿ ಮಣ್ಣಿನದೂ ಅಲ್ಲದ, ಕೊಳೆತ ಎಲೆಯದೂ ಅಲ್ಲದ ಆ ವಾಸನೆ ಕೋಣೆಯ ತುಂಬ ಹರಡಿತು. ಅದು ನಮ್ಮ ಕಂಪ್ಯೂಟರ್ ಲ್ಯಾಬಿನ ವಾಸನೆ. ಅದರ ಹಿಂದೆಯೇ ಅವರ ದನಿ... ಬಾಗಿಲಲ್ಲಿ ನಿಂತು, ಯಾರನ್ನು ಮೊದಲು ಬೈಯಬೇಕೆಂದು ಹುಡುಕುವ ದನಿ.

ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಉಳಿದ ಅಧ್ಯಾಪಕಿಯರೆಲ್ಲ ಮೇಡಂ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಇವರೊಬ್ಬರೇ ಅಕ್ಕೋರು. ಕಮಲಾಪುರದವರು. ದಿನಾಲೂ ಅಲ್ಲಿಂದ ಬಸ್ಸಿಗೆ ಕಲಬುರಗಿಗೆ ಬಂದು ಸಂಜೆ ಮರಳುತ್ತಿದ್ದರು. ವರ್ಷವರ್ಷವೂ ನವೀಕರಿಸಬೇಕಾದ ಗುತ್ತಿಗೆಯ ಕೆಲಸ. ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದರು. ಆ ಉತ್ತರ ಎಷ್ಟೋ ಸಲ ಬೇರೆಯದೇ ಪ್ರಶ್ನೆಗೆ ಸಂದದ್ದಾಗಿರುತ್ತಿತ್ತು. ಯಾರೋ ಪರದೆಯ ಚಿತ್ರ ಬದಲಿಸಿದರೆಂಬ ಕಾರಣಕ್ಕೆ ಒಂದು ಇಡೀ ದಿನ ಲ್ಯಾಬಿಗೆ ಬೀಗ ಹಾಕಿದ್ದುಂಟು. ಊರಿನ ಕೆಂಪು ಬಾಳೆಹಣ್ಣು ತಂದು ಹಂಚುತ್ತಿದ್ದರು, ಹಂಚುವಾಗಲೂ ಬೆದರಿಕೆ: "ತಿಂದ ಕೈಲೆ ಕೀಬೋರ್ಡ್ ಮುಟ್ಟೀರಿ ಅಂದ್ರ ಬೆರಳ ಮುರೀತೀನಿ ನೋಡ್ರಿ."

ಈ ಶತಮಾನದ ಮೊದಲ ವರ್ಷಗಳ ಮಾತಿದು. ಇಡೀ ಕಾಲೇಜಿಗೆ ಇಂಟರ್ನೆಟ್ಟಿನ ಒಂದೇ ಲೈನು. ಅದು ಮೊದಲು ಲ್ಯಾಬಿನ ಮೂಲೆಯ ಪ್ಲೈವುಡ್ ಗೂಡಿನಲ್ಲಿದ್ದ ಒಂದು ಕಂಪ್ಯೂಟರಿಗೆ ಬಂದು, ಅಲ್ಲಿಂದ ಎಲ್ಲ ಕೋಣೆಗಳಿಗೆ ಹಂಚಿಕೆಯಾಗುತ್ತಿತ್ತು. ಅದೇ ಪ್ರಾಕ್ಸಿ ಸರ್ವರ್. ಅದಕ್ಕೆ ಎರಡು ಕೆಲಸ. ಒಬ್ಬರು ಒಮ್ಮೆ ತರಿಸಿದ ಪುಟವನ್ನು ತನ್ನಲ್ಲೇ ಕೂಡಿಟ್ಟುಕೊಂಡು, ಮತ್ತೊಬ್ಬರು ಕೇಳಿದರೆ ಹೊರಗೆ ಹೋಗದೆ ಕೊಡುವುದು ಒಂದು. ಯಾರಿಗೆ ಎಷ್ಟು ವೇಗ ಎಂದು ಮಿತಿ ಹಾಕುವುದು ಇನ್ನೊಂದು. ಆ ಮಿತಿಯ ವ್ಯವಸ್ಥೆಗೆ ತಂತ್ರಜ್ಞರ ಭಾಷೆಯಲ್ಲಿ ಡಿಲೇ ಪೂಲ್ ಎಂದು ಹೆಸರು. ಮೊದಲ ದಿನ ಅಕ್ಕೋರು ಈ ಪದ ಉಚ್ಚರಿಸಿದಾಗ ಹಿಂದಿನ ಸಾಲಿನಿಂದ ಒಂದು ದನಿ ಕೇಳಿತು.

"ಅಕ್ಕೋರೆ, ಪೂಲ್ ಅಂದ್ರ ಈಸಾಡೂದೇನ್ರಿ?"

"ಹೂಂ, ಚಡ್ಡಿ ತಂದೀಯೇನು? ಪೂಲ್ ಅನಬ್ಯಾಡೋ, ಪಾಳಿ ಅನ್ನು. ಡಿಲೇ ಪಾಳಿ. ನಿಮ್ಮ ಓಣ್ಯಾಗ ನಳಕ್ಕ ಪಾಳಿ ಹಚ್ಚಂಗಿಲ್ಲೇನು? ಅದೇ ಇದು."

ಲ್ಯಾಬು ನಕ್ಕಿತು. ಆದರೆ ಆ ನಗುವಿನೊಂದಿಗೆ ಎಲ್ಲರಿಗೂ ಎಲ್ಲವೂ ಅರ್ಥವಾಗಿಹೋಯಿತು. ನಾನಾಗ ಐವಾನ್-ಎ-ಶಾಹಿ ಕಡೆ ಸೋದರಮಾವನ ಮನೆಯಲ್ಲಿದ್ದೆ. ನಳ ಬರುವ ದಿನ ಕೊಡ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ಪ್ರತಿ ಕಂಪ್ಯೂಟರಿಗೂ ಒಂದು ಕೊಡವಿದೆ; ಅದು ಇಂತಿಷ್ಟೇ ವೇಗದಲ್ಲಿ ತುಂಬುತ್ತದೆ; ಬರಿದು ಮಾಡಿಕೊಂಡವರು ಮತ್ತೆ ತುಂಬುವವರೆಗೆ ಕಾಯಬೇಕು. ಪ್ರಾಕ್ಸಿ ಮೊದಲೇ ಕೂಡಿಟ್ಟಿರುವ ಪುಟ ಮಾತ್ರ ಮನೆಯ ಹೌಜಿನ ನೀರು, ಅಂದರೆ ಸಿಮೆಂಟಿನ ತೊಟ್ಟಿಯಲ್ಲಿ ತುಂಬಿಟ್ಟುಕೊಂಡದ್ದು. ಅದಕ್ಕೆ ಪಾಳಿ ಬೇಡ, ಎಷ್ಟು ಬೇಕಾದರೂ ಮೊಗೆದುಕೊಳ್ಳಬಹುದು. ಹೊರಗಿನಿಂದ ಬರಬೇಕಾದದ್ದಕ್ಕೆ ಮಾತ್ರ ಪಾಳಿ. ಲ್ಯಾಬಿನ ಹುಡುಗರಿಗೆ, ಪ್ರಾಚಾರ್ಯರಿಗೆ, ಮೇಲಿನ ಮಹಡಿಯಲ್ಲಿ ಕೂರುತ್ತಿದ್ದ ಆಡಳಿತ ಮಂಡಳಿಯ ಕಾರ್ಯದರ್ಶಿಯವರಿಗೆ, ಎಲ್ಲರಿಗೂ ಒಂದೇ ಅಳತೆಯ ಕೊಡ.

ಒಂದೇ ಒಂದು ವಿನಾಯಿತಿಯಿತ್ತು. ಅದನ್ನು ಅಕ್ಕೋರು ಯಾವ ಕೈಪಿಡಿಯಿಂದಲೂ ಕಲಿತಿರಲಿಲ್ಲ. ತಮ್ಮ ಓಣಿಯಿಂದ ತಂದಿದ್ದರು.

"ನಮ್ಮ ಓಣ್ಯಾಗ ಬಾಣಂತಿ ಇರೋ ಮನಿ ಕೊಡ ಬಂತಂದ್ರ ಯಾರೂ ಪಾಳಿ ಕೇಳಂಗಿಲ್ಲ. ಎಂಥಾ ಜಗಳಗಂಟಿನೂ ಸರದು ನಿಂದರ್ತಾಳ. ಇಲ್ಲೂ ಹಂಗ ಒಂದು ಇರ್ಲಿ."

ಹೀಗೆ ಕಿಟಕಿಯ ಪಕ್ಕದ ಮೂಲೆಯ ಕಂಪ್ಯೂಟರಿಗೆ ಮಿತಿ ಇಲ್ಲವಾಯಿತು. ಅದರ ಹೆಸರು ಬಾಣಂತಿ ಮಷೀನು. ಫಲಿತಾಂಶ ನೋಡುವವರು, ಅರ್ಜಿಯ ಕೊನೆಯ ದಿನ ಕುತ್ತಿಗೆಗೆ ಬಂದವರು ಮಾತ್ರ ಅಲ್ಲಿ ಕೂರಬಹುದು. ಕೂರುವ ಮೊದಲು ತನ್ನ ಕೆಲಸವೇನೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಉಳಿದವರು ಒಪ್ಪಬೇಕು. ಒಮ್ಮೆ ಒಬ್ಬ ಕ್ರಿಕೆಟ್ ಸ್ಕೋರಿಗಾಗಿ ಕಳ್ಳತನದಿಂದ ಹೋಗಿ ಕೂತಿದ್ದ. ಅಕ್ಕೋರು ಹಿಂದಿನಿಂದ ಬಂದು ಅವನ ತಲೆ ಸವರುತ್ತ, "ಹೆರಿಗಿ ಯಾವಾಗಾತೋ ತಮ್ಮಾ? ಗಂಡೋ ಹೆಣ್ಣೋ?" ಎಂದರು. ಪಾಪ, ಅವನನ್ನು ಪದವಿ ಮುಗಿಯುವವರೆಗೂ ಎಲ್ಲರೂ 'ಕೂಸು ಹೆಂಗದ' ಎಂದೇ ಕೇಳುತ್ತಿದ್ದರು.

ಈ ಏರ್ಪಾಡಿನಿಂದ ತೊಂದರೆಯಾದದ್ದು ಒಬ್ಬರಿಗೆ. ಒಂದು ಮಧ್ಯಾಹ್ನ ಕಾರ್ಯದರ್ಶಿಯವರೇ ಲ್ಯಾಬಿಗೆ ಇಳಿದು ಬಂದರು. ನಾವು ಎದ್ದು ನಿಂತೆವು. ಅವರು ನಮ್ಮನ್ನು ಕೂರಿಸಲಿಲ್ಲ.

"ಏನ್ರೀ ಮೇಡಂ, ನಮ್ಮ ಕಾಲೇಜು, ನಮ್ಮ ಲೈನು. ನನಗೂ ಪಾಳಿ ಏನ್ರೀ?"

"ಸಾಹೇಬ್ರ, ನಿಮ್ಮ ಕೊಡಾನೂ ತುಂಬತದ್ರಿ," ಎಂದರು ಅಕ್ಕೋರು. "ಜರಾ ತಡೀಬೇಕಷ್ಟ."

"ಮತ್ತ ಆ ಮೂಲಿದ್ದು? ಅದಕ್ಯಾಕ ಪಾಳಿ ಇಲ್ಲ?"

"ಅದು ಬಾಣಂತಿದ್ರಿ, ಸಾಹೇಬ್ರ. ನಿಮಗ್ಯಾಕ ಅದು?"

ಅವರು ಅಣಕಿಸಲು ಹೇಳಿದ ಮಾತಲ್ಲ. ಅವರ ನಾಲಿಗೆ ಇದ್ದದ್ದೇ ಹಾಗೆ. ಆದರೆ ಲ್ಯಾಬಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು, ಅದು ಸಾಲಿನಿಂದ ಸಾಲಿಗೆ ಹರಡಿತು. ಕಾರ್ಯದರ್ಶಿಯವರು ಬೆನ್ನು ತಿರುಗಿಸಿ ಹೊರಟುಹೋದರು. ಒಂದು ಸಂಸ್ಥೆಯನ್ನು ಸ್ವಂತದ್ದೆಂದು ತಿಳಿದವರಿಗೆ ಸಮಪಾಲು ಅವಮಾನವಾಗಿ ಕಾಣುತ್ತದೆ ಎಂಬುದನ್ನು ನಾನು ಆ ಬೆನ್ನು ನೋಡಿ ತಿಳಿದುಕೊಂಡೆ.

ಕೆಲವು ದಿನಗಳಾದ ಮೇಲೆ ಕಚೇರಿಯ ಜವಾನ ಬಂದು, ಸರ್ವರಿನ ಪಾಸ್‌ವರ್ಡು ಕಾಲೇಜಿನ ಕಡೆಯೂ ಇರಬೇಕೆಂದು ಸಾಹೇಬರು ಹೇಳಿದ್ದಾರೆ ಎಂದ. ಕೇಳಿದ್ದು ನ್ಯಾಯವೇ ಆಗಿತ್ತು. ಅಕ್ಕೋರು ಕೊಟ್ಟರು. ಅನಂತರ ಅವರು ತಮ್ಮನ ಮಗಳ ತೊಟ್ಟಿಲ ಕಾರ್ಯಕ್ಕೆಂದು ರಜೆ ಮಂಜೂರು ಮಾಡಿಸಿಕೊಂಡು ಊರಿಗೆ ಹೋದರು. ಆ ರಜೆಯಲ್ಲಿ ಹೊರಗಿನಿಂದ ಒಬ್ಬ ತಂತ್ರಜ್ಞ ಬಂದ. ಪ್ಲೈವುಡ್ ಗೂಡಿನ ಬೀಗ ತೆರೆದುಕೊಟ್ಟವನು ಅದೇ ಜವಾನ. ಈ ವಿಷಯವನ್ನು ಮುಂದೆ ನಮಗೆ ಹೇಳಿದವನೂ ಅವನೇ. ತಂತ್ರಜ್ಞ ಮಾಡಿದ್ದಿಷ್ಟು: ಕಾರ್ಯದರ್ಶಿಯವರ ಕೋಣೆಯ ಮಿತಿ ತೆಗೆದ, ಮೂಲೆಯ ಯಂತ್ರಕ್ಕಿದ್ದ ವಿನಾಯಿತಿ ಅಳಿಸಿದ, ಇಡೀ ಲ್ಯಾಬಿಗೆ ಸೇರಿ ಒಂದು ಹನಿಯಷ್ಟು ಬಿಟ್ಟ. ಆದೇಶ ಬಾಯಿಮಾತಿನದು. ಅಕ್ಕೋರಿಗೆ ಯಾರೂ ತಿಳಿಸಲಿಲ್ಲ. ನಮಗೂ ತಿಳಿಸಲಿಲ್ಲ.

ಮರುದಿನ ನನ್ನ ಗೆಳತಿ ಬಂದಳು. ತಾಜಸುಲ್ತಾನಪುರದವಳು, ನಮ್ಮ ತರಗತಿಯಲ್ಲಿ ಗಣಿತಕ್ಕೆ ಅವಳನ್ನು ಮೀರಿಸುವವರಿರಲಿಲ್ಲ. ದೂರದ ಒಂದು ವಿಶ್ವವಿದ್ಯಾಲಯದ ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಲು ಅದೇ ಕೊನೆಯ ದಿನ. ಸಂಜೆ ಕಚೇರಿ ಮುಚ್ಚುವ ವೇಳೆಗೆ ಅರ್ಜಿಯೂ ಮುಚ್ಚಿಬಿಡುತ್ತಿತ್ತು. ಅಪ್ಪ ಒಪ್ಪಿದ್ದೇ ಹಿಂದಿನ ದಿನ. ಅವಳು ಪದ್ಧತಿಯಂತೆ ನಡುವೆ ನಿಂತು ಕೈ ಎತ್ತಿದಳು.

"ಕೇಳ್ರೆಪಾ, ಇವತ್ತ ನಂದು ಕಡೀ ದಿನ ಅದ. ಬಾಣಂತಿ ನಾನು."

"ಕೂಡು ಕೂಡು, ತುಪ್ಪ ಅನ್ನ ತರ್ಲೇನು?" ಎಂದರು ಯಾರೋ.

ಅರ್ಜಿಯ ಮೊದಲ ಪುಟ ಥಟ್ಟನೆ ತೆರೆಯಿತು. ಇದನ್ನು ಓದುಗರು ಗಮನಿಸಬೇಕು, ಏಕೆಂದರೆ ಅನಾಹುತದ ಮೂಲ ಇಲ್ಲಿದೆ. ಆ ಪುಟವನ್ನು ಹಿಂದಿನ ವಾರ ಬೇರೆ ಯಾರೋ ತರಿಸಿದ್ದರು; ಅದು ಪ್ರಾಕ್ಸಿಯ ಸಂಗ್ರಹದಲ್ಲಿತ್ತು, ಮಿತಿ ಅದನ್ನು ಮುಟ್ಟುವುದಿಲ್ಲ. ಎಲ್ಲವೂ ಸರಿಯಿದೆ ಎಂದೇ ನಾವು ತಿಳಿದೆವು. ಅವಳು ಹೆಸರು, ಅಂಕಗಳು, ವಿಳಾಸ ಎಲ್ಲ ತುಂಬಿ ಮುಂದಿನ ಪುಟಕ್ಕೆ ಒತ್ತಿದಳು. ಆ ಪುಟ ಹೊರಗಿನಿಂದ ಬರಬೇಕಿತ್ತು. ಪರದೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು.

ಕಾದೆವು. ಮತ್ತೆ ಮೊದಲಿನಿಂದ ತುಂಬಿದಳು, ಮತ್ತೆ ಬೆಳ್ಳನೆಯ ಪರದೆ. ಆಗ ಹಿಂದಿನ ಸಾಲಿನಲ್ಲಿದ್ದವನು, ಅದೇ ಕ್ರಿಕೆಟ್ಟಿನವನು, ಎದ್ದು ನಿಂತು ಹೇಳಿದ: "ಎಲ್ಲಾರೂ ಕೈ ತಗೀರೋ. ಅಕಿ ಕೊಡ ತುಂಬಲಿ." ಎಲ್ಲರೂ ಕೀಬೋರ್ಡಿನಿಂದ ಕೈ ತೆಗೆದರು. ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಇಡೀ ಲ್ಯಾಬಿನಲ್ಲಿ ಒಂದು ಗುಂಡಿಯ ಸದ್ದಿಲ್ಲ. ಕೂಲರಿನ ಗುರುಗುಡುವಿಕೆ ಮಾತ್ರ. ಅಷ್ಟು ಜನ, ಅಷ್ಟು ಹೊತ್ತು, ಬೇರೊಬ್ಬರಿಗಾಗಿ ಸುಮ್ಮನೆ ಕೂತದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ... ಆದರೂ ಪುಟ ಬರಲಿಲ್ಲ.

ನಾನು ಗೇಟಿನ ಎದುರಿನ ಫೋನ್ ಬೂತಿಗೆ ಓಡಿ, ಕಮಲಾಪುರದಲ್ಲಿ ಅಕ್ಕೋರ ಪಕ್ಕದ ಮನೆಗೆ ಫೋನ್ ಮಾಡಿದೆ. ಅವರು ಕರೆದಾಗ ಅಕ್ಕೋರು ಬಂದು ಮಾತಾಡಿದರು. ಹಿಂದೆ ತೊಟ್ಟಿಲ ಹಾಡು, ಹೆಂಗಸರ ಗದ್ದಲ. ಕೇಳುವ ಮೊದಲೇ ಉತ್ತರ ಕೊಡುವ ಅವರ ಆ ಚಾಳಿ! ನಾನು ಅರ್ಧ ಹೇಳುವಷ್ಟರಲ್ಲಿ ಅವರು ಕೇಳಿದರು: "ಯಾವ ಮಷೀನು?"

"ಬಾಣಂತಿದ್ರಿ, ಅಕ್ಕೋರೆ."

"ಮತ್ಯಾಕ ಹೆದರ್ತೀರಿ? ಅದಕ್ಕ ಪಾಳಿ ಇಲ್ಲ. ಆ ಕಡಿಯಿಂದ ತಡ ಆಗಿರ್ಬೇಕು. ಅಲ್ಲೇ ಕೂತಿರು ಅಂತ ಹೇಳು, ಏಳಬ್ಯಾಡ ಅನ್ನು. ಬರ್ತದ."

ಗೆಳತಿ ಏಳಲಿಲ್ಲ. ಪೇಟೆಯ ಸೈಬರ್ ಕೆಫೆಗೆ ಹೋಗೋಣವೆಂದು ನಾನು ಎರಡು ಸಲ ಎಂದೆ. "ಅಕ್ಕೋರು ಕೂತಿರು ಅಂದಾರಲ್ಲ," ಎಂದಳು. ಇಳಿಹೊತ್ತಿಗೆ ಜವಾನ ಚಹಾದ ಕಪ್ಪುಗಳನ್ನು ಹಿಡಿದು ಮೇಲಿನಿಂದ ಬಂದ. ನಾವೆಲ್ಲ ಕೈಕಟ್ಟಿ ಕೂತದ್ದನ್ನು ನೋಡಿ ಅವನಿಗೆ ಸೋಜಿಗ. "ಏನ್ರೆಪಾ, ಇಲ್ಲಿ ನೆಟ್ ಸತ್ತದೇನು? ಮ್ಯಾಲ ಸಾಹೇಬ್ರ ರೂಮಿನ್ಯಾಗ ನೋಡ್ರಿ, ಸಿನಿಮಾ ಇಳ್ಯಾಕತ್ತದ, ದಬದಬ ಇಳ್ಯಾಕತ್ತದ!" ಅನಂತರ, ನಾವು ಕೇಳದೆಯೇ, ಹಿಂದಿನ ದಿನ ಬಂದುಹೋದ ತಂತ್ರಜ್ಞನ ಕಥೆಯನ್ನೂ ಹೇಳಿದ.

ಓಡಿದೆವು. ಕೆಫೆಯಲ್ಲಿ ಪುಟ ತೆರೆಯಿತು. ಅರ್ಜಿ ಮುಚ್ಚಿದೆ ಎಂಬ ಒಂದೇ ಸಾಲು ಅದರಲ್ಲಿತ್ತು. ಗೆಳತಿ ಅಳಲಿಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದಳು, ಬೇರೆ ಅರ್ಥ ಹೊರಡಬಹುದೇನೋ ಎಂಬಂತೆ. ಮರುವರ್ಷ ಅವಳ ಮನೆಯವರು ಇನ್ನೊಂದು ಅರ್ಜಿಗೆ ಒಪ್ಪಲಿಲ್ಲ.

ಅವಳ ತಂದೆ ದೂರು ಕೊಟ್ಟದ್ದರಿಂದ ವಿಚಾರಣೆ ನಡೆಯಿತು. ನಡೆಸಿದವರು ಯಾರು? ಕಾರ್ಯದರ್ಶಿಯವರೇ. ಆರೋಪ ಹೊರಬೇಕಾದವರು ನ್ಯಾಯಪೀಠದಲ್ಲಿ ಕೂತಿದ್ದರು. ಮಂಡಳಿಯ ಒಬ್ಬ ಸದಸ್ಯರಿಗೂ ಅದು ಅಸಹಜವೆನಿಸಲಿಲ್ಲ. ಸಾಕ್ಷಿಗಳೆಂದು ನಮ್ಮಿಬ್ಬರನ್ನು ಕರೆದರು. ಗೆಳತಿ ಅಕ್ಕೋರನ್ನು ಉಳಿಸಬೇಕೆಂದೇ ಹೋಗಿದ್ದಳು.

"ನೀ ಕುಂತ ಮಷೀನಿಗೆ ಏನಂತಿದ್ರಿ?" ಎಂದರು ಕಾರ್ಯದರ್ಶಿಯವರು.

"ಬಾಣಂತಿ ಮಷೀನ್ರಿ."

ಸದಸ್ಯರು ನಕ್ಕರು. ಕಾರ್ಯದರ್ಶಿಯವರು ನಗಲಿಲ್ಲ. "ಅದಕ್ಕ ಪಾಳಿ ಇದ್ದಿಲ್ಲ?"

"ಇದ್ದಿಲ್ರಿ."

"ಯಾರ ಪರವಾನಿಗಿಂದ?"

"ಅಕ್ಕೋರು ತಾವೇ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ತಾನು ಏನು ಹೇಳುತ್ತಿದ್ದೇನೆಂದು ಆ ಕ್ಷಣಕ್ಕೆ ಅವಳಿಗೆ ಹೊಳೆಯಿತು. ಆದರೆ ಬರೆದುಕೊಳ್ಳುವವರು ಬರೆದುಕೊಂಡಾಗಿತ್ತು.

ಓಣಿಯ ನಳದ ಮುಂದೆ ಹೆಂಗಸರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕರುಣೆಗೆ ಮಂಡಳಿ ಕೊಟ್ಟ ಹೆಸರು 'ಅನಧಿಕೃತ ವಿಶೇಷ ಸೌಲಭ್ಯ'. 'ಕೂತಿರು' ಎಂದ ಮಾತಿಗೆ 'ದಾರಿ ತಪ್ಪಿಸುವ ಸೂಚನೆ' ಎಂಬ ಹೆಸರು. ಎರಡನ್ನೂ ಕೂಡಿಸಿದರೆ 'ಕರ್ತವ್ಯಲೋಪ'. ಲ್ಯಾಬಿನ ಮಿತಿ ಬದಲಾದದ್ದು ಹೇಗೆಂದು ನಾನು ಕೇಳಿದೆ. ಪಾಸ್‌ವರ್ಡು ಅವರದೇ ಅಲ್ಲವೇ, ಮತ್ತೆ ಯಾರು ಬದಲಿಸುತ್ತಾರೆ ಎಂದರು. ಪಾಸ್‌ವರ್ಡು ಕಚೇರಿಗೂ ಕೊಟ್ಟಿದ್ದರಲ್ಲ, ಕೇಳಿ ಒಯ್ದ ಜವಾನನನ್ನು ಕರೆಸಿ ಎಂದೆ. ಕರೆಸಿದರು. ಅವನು ನೆಲ ನೋಡುತ್ತ, ಯಾವ ತಂತ್ರಜ್ಞನೂ ಬಂದಿರಲಿಲ್ಲ, ತಾನು ಯಾವ ಬೀಗವನ್ನೂ ತೆಗೆದಿಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಅನ್ನ ಅವರ ಕೈಯಲ್ಲಿತ್ತು.

ಅಕ್ಕೋರ ಗುತ್ತಿಗೆ ಮುಂದುವರಿಯಲಿಲ್ಲ. ನಗರದ ಬೇರೊಂದು ಕಾಲೇಜು ಅವರನ್ನು ತೆಗೆದುಕೊಳ್ಳಲು ಸಿದ್ಧವಾಗಿತ್ತು. ನಮ್ಮ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆ ಸುಮ್ಮನಾಯಿತು. ಆಮೇಲೆ ಯಾರೂ ಕರೆಯಲಿಲ್ಲ.

ಪದವಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ನಾನು ಕಮಲಾಪುರಕ್ಕೆ ಹೋದೆ. ತಮ್ಮನ ಮನೆಯ ಪಡಸಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ದನಿ ಇಳಿದಿತ್ತು. ಒಂದು ಮಗು ತಪ್ಪು ಹೇಳಿದರೂ ಬೈಯಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು. ನ್ಯಾಯಾಲಯಕ್ಕೆ ಹೋಗೋಣ, ಪತ್ರಿಕೆಗೆ ಬರೆಯೋಣ, ನಾವೆಲ್ಲ ಇದ್ದೇವೆ ಎಂದು ನಾನು ಆವೇಶದಿಂದ ಹೇಳುತ್ತ ಹೋದೆ. ಅವರು ಮೊದಲ ಸಲ ನನ್ನ ಮಾತನ್ನು ಕೊನೆಯವರೆಗೆ ಕೇಳಿದರು.

"ಪಾಳಿ ತಪ್ಪಿಸಿದವ್ರು ಅವ್ರು, ಖರೇ," ಎಂದರು ಆಮೇಲೆ. "ಆದ್ರ ಕೂತಿರು ಅಂದಾಕಿ ನಾನ ಅಲ್ಲೇನು?"

ಅದಕ್ಕೆ ನನ್ನ ಬಳಿ ಉತ್ತರವಿತ್ತು: ನಿಮಗೆ ತಿಳಿಸದೆ ಬದಲಿಸಿದ್ದರಿಂದಲೇ ನೀವು ಹಾಗೆಂದಿರಿ, ಅಕ್ಕೋರೆ. ಅದನ್ನು ಹೇಳಿದೆ ಕೂಡ. ಅವರು ತಲೆಯಾಡಿಸಿದರು, ಒಪ್ಪಿದಂತಲ್ಲ, ಸಣ್ಣ ಮಕ್ಕಳ ಮಾತಿಗೆ ಹೂಂಗುಟ್ಟುವಂತೆ. ಹೊರಡುವಾಗ ಅವರ ತಾಯಿ ಬಾಗಿಲವರೆಗೆ ಬಂದು ನನ್ನ ಮುಂಗೈ ಹಿಡಿದುಕೊಂಡರು. "ನೀ ಓದಿದಾಕಿ ಇದ್ದಿ, ಹೇಳು ಯವ್ವಾ. ನನ್ನ ಮಗಳು ಏನ್ ತಪ್ಪ ಮಾಡ್ಯಾಳಂತ? ರೊಕ್ಕಾ ತಿಂದಾಳಂತೇನು? ಓಣ್ಯಾಗ ಹಂಗ ಅಂತಾರ." ಪ್ರಾಕ್ಸಿ, ಮಿತಿ, ಸಂಗ್ರಹ... ಯಾವುದನ್ನು ಎಲ್ಲಿಂದ ಹೇಳಲಿ? ಇಲ್ಲ ಅವ್ವಾ, ಏನೂ ತಪ್ಪು ಮಾಡಿಲ್ಲ ಎಂದೆ. ಅವರು ನಂಬಲಿಲ್ಲ. ತಪ್ಪು ಮಾಡದವರನ್ನು ಅಷ್ಟು ದೊಡ್ಡ ಕಾಲೇಜು ಯಾಕೆ ತೆಗೆಯುತ್ತದೆ ಎಂಬುದು ಅವರ ಕಣ್ಣಿನಲ್ಲಿತ್ತು.

ಕಳೆದ ಮಳೆಗಾಲದಲ್ಲಿ ಅಕ್ಕೋರು ಕಾಮಾಲೆಯಿಂದ ತೀರಿಕೊಂಡರು. ನನಗೆ ಸುದ್ದಿ ತಲುಪಿದ್ದು ಬಹಳ ತಡವಾಗಿ, ಗೆಳತಿಯಿಂದ. ಆ ಸಾವಿಗೆ ನಾನು ಮಂಡಳಿಯನ್ನು ಹೊಣೆ ಮಾಡುತ್ತಿಲ್ಲ. ಕಾಯಿಲೆಗೆ ಯಾರ ಆದೇಶವೂ ಬೇಕಿಲ್ಲ. ನಾನು ಹೊಣೆ ಮಾಡುತ್ತಿರುವುದು ಅದಕ್ಕೂ ಮುಂಚೆ ನಡೆದದ್ದಕ್ಕೆ. ಬೈಯುವ ದನಿಯೊಂದನ್ನು ಅಡಗಿಸಿದ್ದಕ್ಕೆ. ತಾನು ತಪ್ಪಿತಸ್ಥಳೆಂದು ನಂಬಿಕೊಂಡೇ ಒಬ್ಬ ಹೆಂಗಸು ಕಣ್ಣು ಮುಚ್ಚುವಂತೆ ಮಾಡಿದ್ದಕ್ಕೆ. ಈಗ ಅವರನ್ನು ಯಾವ ತೀರ್ಪೂ ತಲುಪುವುದಿಲ್ಲ. ಬರೆಯಲು ನಾನು ತಡಮಾಡಿದೆನೆಂದಲ್ಲ. ಈ ಮುಂಚೆ ಮಂಡಳಿಗೆ ಕಳಿಸಿದ ಯಾವ ಮನವಿಗೂ ಒಂದು ಸಾಲಿನ ಉತ್ತರ ಬಂದಿಲ್ಲ. ಇದಕ್ಕೂ ಬರುತ್ತದೆಂಬ ಭರವಸೆ ನನಗಿಲ್ಲ.

ಆದರೂ ಕೇಳುವುದು ನನ್ನ ಕರ್ತವ್ಯ. ಮಂಡಳಿಯ ಅಧ್ಯಕ್ಷರಲ್ಲಿ ನನ್ನ ವಿನಂತಿ ಇದು. ಅಂದು ಲ್ಯಾಬಿನ ಮಿತಿಯನ್ನು ಬದಲಿಸಲು ಆದೇಶಿಸಿದವರು ಯಾರೆಂದು ಸಾರ್ವಜನಿಕವಾಗಿ ತಿಳಿಸಬೇಕು. ತಮ್ಮ ಮೇಲಿನ ದೂರನ್ನು ತಾವೇ ವಿಚಾರಿಸಿದ ಕಾರ್ಯದರ್ಶಿಯವರ ಮೇಲೆ ಕ್ರಮ ಕೈಗೊಂಡು, ಆ ವಿಚಾರಣೆಯನ್ನೂ ಅದರ ತೀರ್ಮಾನವನ್ನೂ ರದ್ದುಪಡಿಸಬೇಕು. ಅಷ್ಟಾದ ಮೇಲೆ ಮಂಡಳಿಯ ಜವಾಬ್ದಾರಿಯುತ ಸದಸ್ಯರೊಬ್ಬರು ಕಮಲಾಪುರಕ್ಕೆ ಖುದ್ದಾಗಿ ಹೋಗಿ, ಓದು ಬಾರದ ಆ ತಾಯಿಯ ಎದುರು, ಓಣಿಯವರಿಗೂ ಕೇಳುವಂತೆ, ಅವರ ಮಗಳು ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ಹೇಳಿ ಬರಬೇಕೆಂದು ಈ ಮೂಲಕ ಒತ್ತಾಯಪೂರ್ವಕವಾಗಿ ಕೋರುತ್ತೇನೆ.